ಬಸ್ತಿಯ (ಕೊಳೆಗೇರಿಯ) ಹುಡುಗ ಹುಡುಗಿಯರಿಗಾಗಿ ಒಂದು ಕೆಲಸ ಶುರು ಮಾಡುವುದು ಹೇಗೆ? ಮುಂಬೈಯ ಕನ್ನಡ ಸಂಘಗಳಿಗೆ ಹಂತ ಹಂತದ ಮಾರ್ಗದರ್ಶಿ

"ಯುವಕರಿಗಾಗಿ ಏನಾದರೂ ಮಾಡಬೇಕು." ಮುಂಬೈಯ ಕನ್ನಡ ಸಂಘಗಳ ವಾರ್ಷಿಕ ಸಭೆಯಲ್ಲಿ ಈ ಮಾತು ಬಾರದ ವರ್ಷವೇ ಇಲ್ಲ. ಆಮೇಲೆ ಹಾಲ್ ಬುಕ್ ಆಗುತ್ತದೆ, ಬ್ಯಾನರ್ ಬರುತ್ತದೆ, ಅತಿಥಿಗಳಿಗೆ ಶಾಲು ಹೊದಿಸುತ್ತಾರೆ, ಎಲ್ಲರೂ ಉಪ್ಪಿಟ್ಟು ಶೀರಾ ತಿಂದು ಮನೆಗೆ ಹೋಗುತ್ತಾರೆ. ಮೂರು ತಿಂಗಳು ಬಿಟ್ಟು ನೋಡಿದರೆ ಯುವಕರೂ ಇಲ್ಲ, ಕೆಲಸವೂ ಇಲ್ಲ.

ನಾನೂ ಮೊದಲ ಸಲ ಹೀಗೇ ಮಾಡಿದ್ದೆ. ಇನ್ನೂರು ಕುರ್ಚಿ ಹಾಕಿಸಿ ಕರಿಯರ್ ಶಿಬಿರ ಇಟ್ಟೆವು. ಬಂದವರಲ್ಲಿ ಜಾಸ್ತಿ ಮಂದಿ ನಮ್ಮ ಪದಾಧಿಕಾರಿಗಳ ಮಕ್ಕಳೇ. ಯಾರಿಗಾಗಿ ಮಾಡಿದೆವೋ ಅವರು ಆ ಹೊತ್ತಿಗೆ ಕೆಲಸದಲ್ಲಿದ್ದರು. ನಾವು ಅವರನ್ನು ಒಂದು ಮಾತು ಕೇಳಿರಲೇ ಇಲ್ಲ.

ಇಂಥ ಕೆಲಸ ಕೆಡುವುದು ಹಣ ಸಾಲದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನು ನೋಡಿದ ಮಟ್ಟಿಗೆ ಕೆಡುವುದು ಹಿಂದುಮುಂದಾಗಿ ಮಾಡಿದ್ದರಿಂದ. ಮೊದಲು ಕಾರ್ಯಕ್ರಮ ಗೊತ್ತು ಮಾಡುತ್ತಾರೆ, ನಂತರ ಜಾಗ ಹುಡುಕುತ್ತಾರೆ, ಕೊನೆಗೆ ಮಕ್ಕಳನ್ನು ಕರೆಯುತ್ತಾರೆ. ಕೆಳಗಿನ ಹಂತಗಳಲ್ಲಿ ಮಕ್ಕಳೇ ಮೊದಲು. ದಯವಿಟ್ಟು ಇದೇ ಕ್ರಮದಲ್ಲಿ ಹೋಗಿ. ನಡುವಿನ ಒಂದನ್ನು ಬಿಟ್ಟರೆ ಮುಂದಿನದು ನಿಲ್ಲುವುದಿಲ್ಲ.

## ಹಂತ 1: ಯಾರು, ಎಲ್ಲಿಯವರು? ಮೊದಲು ಗೆರೆ ಎಳೆಯಿರಿ

"ಮುಂಬೈಯ ಕನ್ನಡ ಯುವಜನರು" ಅಂತ ಬರೆದರೆ ಯಾರನ್ನೂ ಹಿಡಿದ ಹಾಗಾಗಲಿಲ್ಲ. ಡೊಂಬಿವಿಲಿಯ ಫ್ಲ್ಯಾಟಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿಯ ಕಷ್ಟ ಬೇರೆ. ವಡಾಲಾ ಬಸ್ತಿಯಲ್ಲಿ ಒಂಬತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಕೂಲಿ ಹುಡುಕಲು ನಾಕಾಕ್ಕೆ (ಕೂಲಿಯವರು ನಿಲ್ಲುವ ಚೌಕಕ್ಕೆ) ಹೋಗುವ ಹುಡುಗನ ಕಷ್ಟ ಬೇರೆ. ಹೋಟೆಲಿನ ಮಾಳಿಗೆಯಲ್ಲಿ ಮಲಗುವ ಹುಡುಗನದು ಇನ್ನೂ ಬೇರೆ.

ಒಂದು ವಯಸ್ಸಿನ ಗುಂಪು ಹಿಡಿಯಿರಿ. 14ರಿಂದ 18 ಅಥವಾ 18ರಿಂದ 24. ಎರಡನ್ನೂ ಒಟ್ಟಿಗೆ ಬೇಡ. ಕಾನೂನಿನ ಹೊಣೆಯೂ ಬೇರೆ ಬೇರೆ, ಸಿಗುವ ಹೊತ್ತೂ ಬೇರೆ ಬೇರೆ. ಜಾಗವೂ ಅಷ್ಟೆ: ಹದಿನೈದು ನಿಮಿಷದಲ್ಲಿ ನಡೆದು ಬರುವಷ್ಟು ದೂರ ಇರಲಿ. ಲೋಕಲ್ ಟ್ರೈನ್ ಹತ್ತಬೇಕು ಅಂದರೆ ಬರುವವರು ಅರ್ಧಕ್ಕರ್ಧ ಕಡಿಮೆ ಆದರು ಅಂತಲೇ ತಿಳಿಯಿರಿ. ಭಾನುವಾರ ಮೆಗಾಬ್ಲಾಕ್ (ಹಳಿ ರಿಪೇರಿಗಾಗಿ ಟ್ರೈನ್ ನಿಲ್ಲಿಸುವುದು) ಇದ್ದರೆ ಉಳಿದವರೂ ಬರುವುದಿಲ್ಲ.

## ಹಂತ 2: ಮೂರು ವಾರ ಬರೀ ಕೇಳಿ

ಬೇಕಾಗುವುದು ಒಂದು ನೋಟ್‌ಬುಕ್, ಪೆನ್ನು, ಇಬ್ಬರು ಜನ. ಅವರಲ್ಲಿ ಒಬ್ಬರು ಹೆಂಗಸಾಗಿರಲೇಬೇಕು. ಗಂಡಸರು ಹೋಗಿ ಕೇಳಿದರೆ ಹುಡುಗಿಯರ ಬದಲಿಗೆ ಅವರ ಅಣ್ಣಂದಿರು ಉತ್ತರ ಕೊಡುತ್ತಾರೆ.

ಸಂಘದ ಆಫೀಸಿಗೆ ಕರೆಸಬೇಡಿ, ಅವರು ಇರುವಲ್ಲಿಗೆ ನೀವು ಹೋಗಿ. ಹೋಟೆಲ್ ಹುಡುಗರು ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಸಂಜೆ ಚಹಾದ ಗಿರಾಕಿ ಶುರುವಾಗುವ ಮೊದಲು ಸಿಗುತ್ತಾರೆ. ಬಸ್ತಿಯ ಹುಡುಗರು ಸಂಜೆ ಕ್ರಿಕೆಟ್ ಆಡುವ ಮೈದಾನದಲ್ಲಿ ಇಲ್ಲವೇ ಗಣಪತಿ ಮಂಡಲದ ಕಟ್ಟೆಯಲ್ಲಿ ಸಿಗುತ್ತಾರೆ. ಹುಡುಗಿಯರನ್ನು ಅವರ ಅಮ್ಮನ ಮುಂದೆ ಒಮ್ಮೆ, ಆಮೇಲೆ ಗೆಳತಿಯರ ಗುಂಪಿನಲ್ಲಿ ಇನ್ನೊಮ್ಮೆ ಮಾತಾಡಿಸಿ. ಎರಡು ಸಲವೂ ಒಂದೇ ಉತ್ತರ ಬರುವುದು ಅಪರೂಪ.

"ನಿನಗೆ ಏನು ಬೇಕು?" ಅಂತ ಕೇಳಬೇಡಿ. ಅದಕ್ಕೆ "ಕಂಪ್ಯೂಟರ್ ಕ್ಲಾಸ್" ಅನ್ನುತ್ತಾರೆ. ಕೇಳಿದವರಿಗೆ ಅದು ಇಷ್ಟ ಆಗುತ್ತದೆ ಅಂತ ಅವರಿಗೆ ಗೊತ್ತು. ಹೀಗೆ ಕೇಳಿ ನೋಡಿ: "ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದೆ?" "ಈ ವರ್ಷ ಯಾವ ಕೆಲಸ ಅರ್ಧಕ್ಕೆ ನಿಂತಿತು?" "ಯಾರ ಹತ್ತಿರ ಸಹಾಯ ಕೇಳಿದೆ, ಅವರು ಏನಂದರು?"

ನಮಗೆ ಒಬ್ಬಳು ಹುಡುಗಿ ಹೇಳಿದ ಒಂದು ಮಾತಿನಿಂದ ಇಡೀ ವೇಳಾಪಟ್ಟಿ ಬದಲಾಯಿತು. "ಅಕ್ಕಾ, ಆರು ಗಂಟೆಗೆ ನಳ ಬರ್ತದ. ನಾನು ಬಂದ್ರ ನೀರು ಯಾರು ತುಂಬೋದು?" ನಾವು ಆರಕ್ಕೇ ಕ್ಲಾಸ್ ಇಡಬೇಕು ಅಂದುಕೊಂಡಿದ್ದೆವು. ಅವಳ ಗಲ್ಲಿಯ ನೀರಿನ ಹೊತ್ತು ಗೊತ್ತಿದ್ದಿದ್ದರೆ ಆ ಯೋಚನೆಯೇ ಬರುತ್ತಿರಲಿಲ್ಲ. ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ಹೊತ್ತು ಬರೆದುಕೊಳ್ಳಿ: ನಳ ಬರುವ ಹೊತ್ತು, ಕೆಲಸ ಬಿಡುವ ಹೊತ್ತು, ಕತ್ತಲಾದ ಮೇಲೆ ಹುಡುಗಿಯರು ಯಾವ ಹೊತ್ತಿನೊಳಗೆ ಮನೆ ಸೇರಬೇಕು ಅನ್ನುವುದು.

ಭಾಷೆಯ ಬಗ್ಗೆ ಒಂದು ಮಾತು. ಈ ಮಕ್ಕಳಲ್ಲಿ ತುಂಬಾ ಜನ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಶಾಲೆಯಲ್ಲಿ ಮರಾಠಿ ಇಲ್ಲವೇ ಹಿಂದಿ ಓದಿದ್ದಾರೆ. ಕನ್ನಡ ಅಕ್ಷರ ಓದಲು ಬರುವುದಿಲ್ಲ. ನೀವು ಚೆಂದಾಗಿ ಕನ್ನಡದಲ್ಲಿ ಟೈಪ್ ಮಾಡಿ ಕಳಿಸಿದ ವಾಟ್ಸಾಪ್ ಸೂಚನೆ ಅವರಿಗೆ ತಲುಪಿರುವುದೇ ಇಲ್ಲ. ಕನ್ನಡದಲ್ಲಿ ಮಾತಾಡಿ ವಾಯ್ಸ್ ಮೆಸೇಜ್ ಕಳಿಸಿ. ನಮ್ಮ ಕೆಲಸ ದಾರಿಗೆ ಬಿದ್ದದ್ದು ಈ ಸಣ್ಣ ಬದಲಾವಣೆ ಆದ ಮೇಲೆ.

## ಹಂತ 3: ಒಂದೇ ಒಂದು ಸೇವೆ ಆರಿಸಿ

ನೋಟ್‌ಬುಕ್ ತುಂಬಿದಾಗ ಹತ್ತು ಬೇಡಿಕೆ ಕಾಣುತ್ತವೆ. ಹತ್ತನ್ನೂ ಹಿಡಿಯುವ ಆಸೆ ಆಗುತ್ತದೆ. ಒಂದನ್ನು ಹಿಡಿಯಿರಿ. ಆರಿಸುವಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಪ್ರತಿ ವಾರ, ಇದೇ ಮೂರು ಜನ, ವರ್ಷವಿಡೀ ಇದನ್ನು ನಡೆಸಬಹುದಾ? ಇದಕ್ಕೆ ಬಂದ ಹುಡುಗ ಕೈಯಲ್ಲಿ ಏನಾದರೂ ಹಿಡಿದುಕೊಂಡು ಮನೆಗೆ ಹೋಗುತ್ತಾನಾ?

ಬಸ್ತಿಯ ಮಕ್ಕಳ ಮಟ್ಟಿಗೆ ನಾನು ಕಂಡ ಹಾಗೆ ಮೊದಲು ಬೇಕಾಗುವುದು ಎರಡು: ಓದಲು ಕೂರುವ ಜಾಗ ಮತ್ತು ಕಾಗದಪತ್ರಕ್ಕೆ ಸಹಾಯ. ಹತ್ತು ಅಡಿ ಖೋಲಿಯಲ್ಲಿ ಆರು ಜನ, ಮೂಲೆಯಲ್ಲಿ ಟಿವಿ. ಅಲ್ಲಿ ಹತ್ತನೆಯ ಕ್ಲಾಸಿನ ಪಾಠ ತಲೆಗೆ ಹೋಗುವುದು ಕಷ್ಟ. ಒಂದು ಅಭ್ಯಾಸಿಕೆ, ಅಂದರೆ ಲೈಟು, ಫ್ಯಾನು, ಮೇಜು, ಸದ್ದಿಲ್ಲದ ಎರಡು ಗಂಟೆ, ಇಷ್ಟಿದ್ದರೂ ದೊಡ್ಡದು.

ಕಾಗದಪತ್ರದ ಮೇಜಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಇಲ್ಲಿ ತಪ್ಪಾದರೆ ಹುಡುಗನ ಒಂದು ವರ್ಷವೇ ಹೋಗುತ್ತದೆ.

ಒಬ್ಬ ಹುಡುಗ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ತನ್ನ ಟಿಸಿ ತೆಗೆದ. ನಾಲ್ಕು ಮಡಿಕೆ, ಮಡಿಕೆಯ ಗೆರೆಯಲ್ಲಿ ಹರಿದು ಸೆಲೋಟೇಪ್ ಹಚ್ಚಿತ್ತು. ಯಾದಗಿರಿ ಕಡೆಯ ಶಾಲೆಯದು. ಅದರಲ್ಲಿ ಅವನ ಹೆಸರು, ಪಕ್ಕದಲ್ಲಿ ಒಂದು ಇನಿಶಿಯಲ್. ಅಷ್ಟೆ. ಆಧಾರ್‌ನಲ್ಲಿ ಅವನ ಹೆಸರಿನ ಜೊತೆ ಅಪ್ಪನ ಹೆಸರು. ಇಲ್ಲಿಯ ಶಾಲೆಯ ದಾಖಲೆಯಲ್ಲಿ ಯಾರೋ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿ ಬರೆದಿದ್ದರು. ಮೂರು ಕಾಗದ, ಮೂರು ಹುಡುಗರು!

ಇದಕ್ಕೆ ಕಾರಣ ಸರಳ. ಕರ್ನಾಟಕದ ಶಾಲೆಗಳಲ್ಲಿ ಇನಿಶಿಯಲ್ ಸಾಕು. ಮಹಾರಾಷ್ಟ್ರದ ಅರ್ಜಿಗಳು ಹೆಸರು, ತಂದೆಯ ಹೆಸರು, ಅಡ್ಡಹೆಸರು ಅಂತ ಮೂರನ್ನೂ ಕೇಳುತ್ತವೆ. ಹುಡುಗ ಇನ್ನೂ ಶಾಲೆಯಲ್ಲಿ ಇರುವಾಗಲೇ ಇದನ್ನು ಸರಿಪಡಿಸಿ. ಶಾಲೆ ಬಿಟ್ಟು ಲೀವಿಂಗ್ ಸರ್ಟಿಫಿಕೇಟ್ (ಶಾಲೆ ಬಿಟ್ಟ ಪ್ರಮಾಣಪತ್ರ) ಕೈಗೆ ಬಂದ ಮೇಲೆ ತಿದ್ದಿಸುವುದು ಬಹಳ ಕಷ್ಟ. ಆಗ ಹೆಸರು ಬದಲಾವಣೆಯನ್ನು ರಾಜ್ಯದ ಗೆಜೆಟ್‌ನಲ್ಲಿ ಪ್ರಕಟಿಸುವ ದಾರಿ ಹಿಡಿಯಬೇಕಾಗುತ್ತದೆ.

ಮೇಜಿನಲ್ಲಿ ಕೂರುವವರಿಗೆ ಇಷ್ಟಾದರೂ ಗೊತ್ತಿರಲಿ:

ಟಿಸಿ. ಕರ್ನಾಟಕದಿಂದ ತಂದ ಟಿಸಿಗೆ ಅಲ್ಲಿಯ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಇದೆಯಾ ನೋಡಿ. ಇಲ್ಲದಿದ್ದರೆ ಊರಿಗೆ ಹೋಗುವವರ ಕೈಯಲ್ಲಿ ಕಳಿಸಿ ಹಾಕಿಸಿ. ಆದರೆ ಎಂಟನೆಯ ಕ್ಲಾಸಿನವರೆಗಿನ ಮಗುವಿಗೆ ಟಿಸಿ ತಡವಾಯಿತು ಅಂತ ಪ್ರವೇಶ ತಡೆಯುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಹೇಳುತ್ತದೆ.

ಆಧಾರ್. 15 ವರ್ಷ ತುಂಬಿದಾಗ ಬೆರಳಚ್ಚು, ಕಣ್ಣಿನ ಗುರುತು ಮತ್ತೆ ಕೊಡಬೇಕು. ಇದನ್ನು ಮಾಡಿಸದವರು ತುಂಬಾ ಮಂದಿ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಮಹಾಡಿಬಿಟಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದರೆ ಹಣ ಬರುವುದು ಆಧಾರ್ ಜೋಡಿಸಿದ ಖಾತೆಗೆ. ಆ ಜೋಡಣೆ ಆಗಿದೆಯಾ ಅಂತ ಅರ್ಜಿಗೆ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಿ.

ಜಾತಿ ಪ್ರಮಾಣಪತ್ರ. ಜಾಸ್ತಿ ಮನಸ್ಸು ಮುರಿಯುವುದು ಇಲ್ಲೇ. ಮಹಾರಾಷ್ಟ್ರದಲ್ಲಿ ಮೀಸಲಾತಿ ಸಿಗಬೇಕಾದರೆ ಮನೆತನ ಇಲ್ಲಿಗೆ ಬಂದ ಕಾಲವನ್ನು ನೋಡುತ್ತಾರೆ. ಪರಿಶಿಷ್ಟ ಜಾತಿಗೆ 1950, ವಿಮುಕ್ತ ಜಾತಿ ಮತ್ತು ಅಲೆಮಾರಿಗಳಿಗೆ 1961, ಒಬಿಸಿಗೆ 1967, ಅದಕ್ಕಿಂತ ಮೊದಲು ಇಲ್ಲಿ ನೆಲೆಸಿದ್ದಕ್ಕೆ ದಾಖಲೆ ಬೇಕು. ಪಟ್ಟಿಯೂ ಎರಡು ರಾಜ್ಯಗಳಲ್ಲಿ ಒಂದೇ ಅಲ್ಲ. ಲಂಬಾಣಿ ಸಮಾಜ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ಬಂಜಾರಾ ಹೆಸರಿನಲ್ಲಿ ವಿಮುಕ್ತ ಜಾತಿ. ಸುಮ್ನೆ "ಸಿಗುತ್ತದೆ ಬಿಡು" ಅಂತ ಭರವಸೆ ಕೊಡಬೇಡಿ. ಅಜ್ಜನ ಕಾಲದ ಕಾಗದ ಇದೆಯಾ ಅಂತ ಮೊದಲು ಕೇಳಿ. ಇದ್ದರೆ, 12ರ ನಂತರದ ವೃತ್ತಿ ಕೋರ್ಸಿನ ಮೀಸಲು ಸೀಟಿಗೆ ಬೇಕಾಗುವ ಜಾತಿ ವ್ಯಾಲಿಡಿಟಿಗೆ (ಜಾತಿ ಪ್ರಮಾಣಪತ್ರ ಸರಿ ಅಂತ ಪರಿಶೀಲಿಸಿ ಕೊಡುವ ಪತ್ರಕ್ಕೆ) 11ರಲ್ಲೇ ಓಡಾಟ ಶುರು ಮಾಡಿ. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಡೊಮಿಸೈಲ್‌ಗೂ (ಈ ರಾಜ್ಯದ ನಿವಾಸಿ ಅನ್ನುವ ಪ್ರಮಾಣಪತ್ರಕ್ಕೂ) ಇಲ್ಲಿ 15 ವರ್ಷ ಇದ್ದದ್ದಕ್ಕೆ ಪುರಾವೆ ಬೇಕು.

ಶಾಲೆ ಬಿಟ್ಟವರು. ಇವರಿಗೆ ಎರಡು ದಾರಿ ಇವೆ. ರಾಜ್ಯ ಮಂಡಳಿಯ 17 ನಂಬರ್ ಫಾರ್ಮ್ ತುಂಬಿ ಖಾಸಗಿಯಾಗಿ ಪರೀಕ್ಷೆಗೆ ಕೂರುವುದು ಒಂದು. ಎನ್‌ಐಓಎಸ್ ಮುಕ್ತ ಶಾಲೆ ಇನ್ನೊಂದು. ಅದರಲ್ಲಿ ವರ್ಷಕ್ಕೆ ಎರಡು ಸಲ ಪರೀಕ್ಷೆ ಇರುತ್ತದೆ. 17 ನಂಬರ್ ಫಾರ್ಮಿನ ಗಡುವು ಪರೀಕ್ಷೆಗಿಂತ ಎಷ್ಟೋ ತಿಂಗಳು ಮೊದಲೇ ಮುಗಿಯುತ್ತದೆ. ಜನವರಿಯಲ್ಲಿ ಹುಡುಗನನ್ನು ಕರೆತಂದರೆ ಆ ವರ್ಷ ಹೋದ ಹಾಗೇ.

ಇನ್ನೊಂದು ಸಣ್ಣ ತಪ್ಪು. ಕಾಗದ ಹರಿಯುತ್ತದೆ ಅಂತ ಲ್ಯಾಮಿನೇಶನ್ ಮಾಡಿಸಿಬಿಡುತ್ತಾರೆ. ಆಮೇಲೆ ಮೇಲುಸಹಿ, ಸೀಲು ಹಾಕಿಸುವುದು ಹೇಗೆ? ಪಾರದರ್ಶಕ ಫೋಲ್ಡರ್ ಕೊಡಿಸಿ, ಸಾಕು.

## ಹಂತ 4: ಮೊದಲ ಮಗು ಬರುವ ಮೊದಲೇ ಸುರಕ್ಷೆಯ ನಿಯಮ

"ನಾವೆಲ್ಲ ಒಂದೇ ಊರಿನವರು, ಇದೆಲ್ಲ ಯಾಕೆ?" ಅನ್ನುವವರು ಇರುತ್ತಾರೆ. ಅವರ ಮಾತಿಗೆ ಈ ಒಂದು ವಿಷಯದಲ್ಲಿ ಸೋಲಬೇಡಿ.

ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿ. ಮಕ್ಕಳಿರುವಾಗ ಕನಿಷ್ಠ ಇಬ್ಬರು ದೊಡ್ಡವರು ಇರಬೇಕು. ಒಬ್ಬ ದೊಡ್ಡವರು, ಒಂದು ಮಗು, ಮುಚ್ಚಿದ ಬಾಗಿಲು ಯಾವತ್ತೂ ಇಲ್ಲ. ಸ್ವಯಂಸೇವಕರು ಮಕ್ಕಳಿಗೆ ಖಾಸಗಿಯಾಗಿ ರಾತ್ರಿ ಮೆಸೇಜ್ ಮಾಡುವ ಹಾಗಿಲ್ಲ, ಎಲ್ಲ ಗುಂಪಿನಲ್ಲೇ. ಸಹಾಯ ತೆಗೆದುಕೊಳ್ಳುವ ಮಗುವಿನ ಫೋಟೋ ಸಂಘದ ಗ್ರೂಪಿಗೆ ಹಾಕುವ ಹಾಗಿಲ್ಲ. ದಾನಿಗಳು ಫೋಟೋ ಕೇಳುತ್ತಾರೆ, ಅಲ್ವಾ? ಅವರಿಗೆ ತುಂಬಿದ ಮೇಜಿನ, ರಿಜಿಸ್ಟರಿನ ಫೋಟೋ ಕೊಡಿ. ಲಕೋಟೆ ಹಿಡಿದು ತಲೆ ತಗ್ಗಿಸಿ ನಿಂತ ಫೋಟೋ ಮಾರನೆಯ ದಿನ ಕ್ಲಾಸಿನವರ ಮೊಬೈಲಿಗೆ ಬಂದರೆ ಆ ಮಗು ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ.

18ರ ಒಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಅದನ್ನು ಒಳಗೊಳಗೇ "ಪಂಚಾಯಿತಿ" ಮಾಡಿ ಮುಗಿಸಬೇಡಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೇ ಅಪರಾಧ.

ಗೋಡೆಯ ಹಾಳೆಯ ಕೆಳಗೆ ಈ ನಂಬರುಗಳು ದೊಡ್ಡದಾಗಿ ಇರಲಿ: ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಮನಸ್ಸಿನ ತೊಂದರೆಗೆ ಟೆಲಿಮಾನಸ್ 14416, ನಶೆ ಬಿಡಿಸಲು 14446, ಆನ್‌ಲೈನ್ ಹಣದ ಮೋಸಕ್ಕೆ 1930.

ಎಚ್ಚರಿಕೆಯ ಚಿಹ್ನೆಗಳು ನೆನಪಿರಲಿ. ತಪ್ಪದೆ ಬರುವ ಹುಡುಗಿ ಕಾರಣ ಹೇಳದೆ ಎರಡು ವಾರ ಬರದಿದ್ದರೆ ಅಮ್ಮನನ್ನು ಕಾಣಿ. ಮದುವೆ ಮಾತು ನಡೆದಿರಬಹುದು. ಹುಡುಗನ ಕೈಯಲ್ಲಿ ದಿಢೀರ್ ಹೊಸ ಫೋನ್ ಬಂದು, ಅವನ ಬ್ಯಾಂಕ್ ಖಾತೆಯನ್ನು "ದೋಸ್ತ್" ಬಳಸುತ್ತಿದ್ದಾನೆ ಅಂದರೆ ಆವತ್ತೇ ಕೂರಿಸಿ ಮಾತಾಡಿ. ಮೋಸದ ಹಣ ಸಾಗಿಸಲು ಇಂಥ ಖಾತೆಗಳನ್ನೇ ಬಳಸುತ್ತಾರೆ, ಕೇಸು ಖಾತೆಯ ಹೆಸರಿನವನ ಮೇಲೂ ಬರುತ್ತದೆ. "ಇದ್ದು ಏನು ಮಾಡ್ಲಿ" ಅನ್ನುವ ಮಾತು ಬಂದರೆ ಅದನ್ನು ನಾಟಕ ಅನ್ನಬೇಡಿ. ಜೊತೆಗೇ ಕುಳಿತು 14416ಕ್ಕೆ ಫೋನ್ ಮಾಡಿ. ನೀವೇ ಕೌನ್ಸೆಲಿಂಗ್ ಮಾಡಲು ಹೋಗಬೇಡಿ.

## ಹಂತ 5: ಜಾಗ ಮತ್ತು ಹೊತ್ತು

ಈಗ ಜಾಗ ಹುಡುಕಿ. ಸಂಘದ ಕೋಣೆ, ದೇವಸ್ಥಾನದ ಹಜಾರ, ಮಂಡಲದ ಶೆಡ್ಡು, ಯಾವುದಾದರೂ ಆದೀತು. ಪಾಲಿಕೆ ಶಾಲೆಯ ಕೋಣೆ ಬೇಕಾದರೆ ಬರವಣಿಗೆಯ ಅನುಮತಿ ಬೇಕು, ತಡವಾಗುತ್ತದೆ. ಅದನ್ನು ನಂಬಿ ತಾರೀಖು ಹೇಳಬೇಡಿ.

ಜಾಗ ನೋಡಲು ರಾತ್ರಿ ಹೋಗಿ, ಹಗಲು ಹೋಗಬೇಡಿ. ಗಲ್ಲಿಯಲ್ಲಿ ದೀಪ ಇದೆಯಾ? ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇದೆಯಾ? ದಾರಿಯಲ್ಲಿ ದಾರು ಅಂಗಡಿ ಇದೆಯಾ? ಜುಲೈ ಮಳೆಯಲ್ಲಿ ಇಲ್ಲಿ ನೀರು ಎಲ್ಲಿವರೆಗೆ ಬರುತ್ತದೆ ಅಂತ ಪಕ್ಕದ ಅಂಗಡಿಯವರನ್ನು ಕೇಳಿ.

ಹೊತ್ತು ಒಮ್ಮೆ ಇಟ್ಟ ಮೇಲೆ ಬದಲಿಸಬೇಡಿ. ಭಾನುವಾರ ಹತ್ತರಿಂದ ಹನ್ನೆರಡು ಅಂದರೆ ಒಬ್ಬರೂ ಬರದಿದ್ದರೂ ಹನ್ನೆರಡರ ತನಕ ಬಾಗಿಲು ತೆರೆದೇ ಇರಬೇಕು. ನಮ್ಮಲ್ಲಿ ಮೊದಲ ಮೂರು ಭಾನುವಾರ ಯಾರೂ ಬರಲಿಲ್ಲ. ನಾಲ್ಕನೆಯ ಭಾನುವಾರ ಒಬ್ಬ ಬಾಗಿಲಲ್ಲಿ ನಿಂತು, "ನೀವು ನಿಜವಾಗ್ಲೂ ಪ್ರತಿ ವಾರ ಇರ್ತೀರಾ?" ಅಂತ ಕೇಳಿ ಹೊರಟುಹೋದ. ಐದನೆಯ ವಾರ ಇನ್ನಿಬ್ಬರನ್ನು ಕರೆದುಕೊಂಡು ಬಂದ.

## ಹಂತ 6: ಜನ

ಮೂವರು ಸಾಕು, ಆದರೆ ಪ್ರತಿಯೊಬ್ಬರಿಗೂ ಒಂದು ಹೊಣೆ ಇರಲಿ. ಒಬ್ಬರಿಗೆ ಬೀಗದ ಕೈ ಮತ್ತು ಜಾಗ, ಒಬ್ಬರಿಗೆ ರಿಜಿಸ್ಟರ್, ಒಬ್ಬರಿಗೆ ಸುರಕ್ಷೆ. ಮೂವರಲ್ಲಿ ಒಬ್ಬರಿಗೆ ಮರಾಠಿ ಚೆನ್ನಾಗಿ ಓದಲು ಬರೆಯಲು ಬರಬೇಕು. ಅರ್ಜಿ, ಸುತ್ತೋಲೆ ಹೆಚ್ಚಾಗಿ ಮರಾಠಿಯಲ್ಲೇ ಇರುತ್ತವೆ.

ಆರು ತಿಂಗಳಾದ ಮೇಲೆ ಬರುವ ಮಕ್ಕಳಲ್ಲಿ 18 ದಾಟಿದ ಒಬ್ಬರಿಗೆ ಬೀಗದ ಕೈ ಕೊಡಿ. ನಿಜವಾದ ಬೀಗದ ಕೈ. ಯುವ ಸಮಿತಿ ಅಂತ ಹೆಸರು ಬರೆದು ಕೂರಿಸುವುದಕ್ಕಿಂತ ಇದರಿಂದ ಜಾಸ್ತಿ ಕೆಲಸ ಆಗುತ್ತದೆ.

## ಹಂತ 7: ಹಣ ಮತ್ತು ನೋಂದಣಿ

ಹೊಸ ಸಂಸ್ಥೆ ಕಟ್ಟಲು ಓಡಬೇಡಿ. ಮಹಾರಾಷ್ಟ್ರದಲ್ಲಿ 1860ರ ಸೊಸೈಟಿ ಕಾಯ್ದೆಯಡಿ ನೋಂದಣಿಗೆ ಕನಿಷ್ಠ ಏಳು ಜನ ಬೇಕು. ಅದರ ಜೊತೆ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ, ಚಾರಿಟಿ ಕಮಿಷನರ್ ಕಚೇರಿ, ವರ್ಷ ವರ್ಷ ಲೆಕ್ಕಪರಿಶೋಧನೆ. ಮೊದಲ ವರ್ಷ, ಈಗಾಗಲೇ ನೋಂದಣಿಯಾದ ಸಂಘದ ಅಡಿಯಲ್ಲೇ ನಡೆಸಿ. ಸಂಘದ ಸಭೆಯಲ್ಲಿ ಠರಾವು ಮಾಡಿಸಿ, ಹಣಕ್ಕೆ ಬೇರೆ ಲೆಕ್ಕದ ಪುಸ್ತಕ ಇಡಿ.

ಖರ್ಚಿನ ಪಟ್ಟಿಯಲ್ಲಿ ಎಲ್ಲರೂ ಮರೆಯುವುದು ಝೆರಾಕ್ಸ್, ಅರ್ಜಿ ಶುಲ್ಕ, ಪರೀಕ್ಷಾ ಶುಲ್ಕ ಮತ್ತು ಸ್ವಯಂಸೇವಕರ ಟ್ರೈನ್ ಪಾಸ್. ಬ್ಯಾನರು, ಶಾಲು, ಹಾರದ ಹಣವನ್ನು ಇದಕ್ಕೆ ತಿರುಗಿಸಿ.

ದಾನಿಗಳು ತೆರಿಗೆ ವಿನಾಯಿತಿಗಾಗಿ 80ಜಿ ರಸೀದಿ ಕೇಳಿದರೆ ಸಂಘಕ್ಕೆ ಆ ಮಾನ್ಯತೆ ಇದೆಯಾ ಮೊದಲು ನೋಡಿ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಬ್ಯಾಂಕಿನ ಮೂಲಕ ಕೊಡಲು ಹೇಳಿ. ದುಬೈಯಲ್ಲಿರುವ ನಮ್ಮವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡವರ ಹಣ ಮಾತ್ರ ವಿದೇಶಿ ದೇಣಿಗೆ ಆಗುತ್ತದೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದೆ ಅದನ್ನು ಮುಟ್ಟಬೇಡಿ.

## ಹಂತ 8: ವರ್ಷದ ಪಂಚಾಂಗ

ಹೊಸ ಕೆಲಸ ಮೇ ತಿಂಗಳಲ್ಲಿ ಶುರು ಮಾಡಬೇಡಿ. ಅರ್ಧ ಬಸ್ತಿ ಊರಿಗೆ ಹೋಗಿರುತ್ತದೆ. ಆದರೆ ಹತ್ತನೆಯ ಫಲಿತಾಂಶ, ಆಮೇಲೆ ಹನ್ನೊಂದರ ಆನ್‌ಲೈನ್ ಪ್ರವೇಶ ಅದೇ ಹೊತ್ತಿಗೆ ಬರುತ್ತವೆ. ಊರಿಗೆ ಹೋಗುವ ಮೊದಲೇ ಮಕ್ಕಳ ಫೋನ್ ನಂಬರ್, ಲಾಗಿನ್, ಕಾಗದಗಳ ಸ್ಥಿತಿ ತಿಳಿದುಕೊಳ್ಳಿ. ಲಾಗಿನ್‌ನ ಪಾಸ್‌ವರ್ಡ್ ಹುಡುಗನ ಪುಸ್ತಕದಲ್ಲಿ ಇರಲಿ, ನಿಮ್ಮದರಲ್ಲಿ ಬೇಡ.

ಶುರು ಮಾಡಲು ಒಳ್ಳೆಯ ಕಾಲ ಜುಲೈ. ಶಾಲೆ ಹಿಡಿತಕ್ಕೆ ಬಂದಿರುತ್ತದೆ, 17 ನಂಬರ್ ಫಾರ್ಮಿಗೂ ಸಮಯ ಇರುತ್ತದೆ. ಗಣಪತಿಯ ದಿನಗಳಲ್ಲಿ ಅಭ್ಯಾಸಿಕೆ ಖಾಲಿ ಇರುತ್ತದೆ, ಬೇಸರ ಬೇಡ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕುರ್ಚಿ ಸಾಲುವುದಿಲ್ಲ.

## ಹಂತ 9: ಮೂರು ತಿಂಗಳಿಗೊಮ್ಮೆ ರಿಜಿಸ್ಟರ್ ತೆರೆಯಿರಿ

ಒಟ್ಟು ಎಷ್ಟು ಜನ ಬಂದರು ಅನ್ನುವ ಲೆಕ್ಕ ಸಂಘದ ವರದಿಗೆ ಚೆಂದ. ನೀವು ನೋಡಬೇಕಾದ್ದು ಬೇರೆ ಮೂರು: ಎರಡನೆಯ ಸಲ ಬಂದವರು ಎಷ್ಟು, ಶುರುವಾದ ಕೆಲಸ ಮುಗಿದದ್ದು ಎಷ್ಟು, ಹುಡುಗಿಯರು ಎಷ್ಟು.

ಹುಡುಗಿಯರ ಸಂಖ್ಯೆ ಇಳಿಯುತ್ತಿದ್ದರೆ ಜಾಗದಲ್ಲೋ ಹೊತ್ತಿನಲ್ಲೋ ಯಾವುದೋ ಒಬ್ಬ ವ್ಯಕ್ತಿಯಲ್ಲೋ ತೊಂದರೆ ಇದೆ. ಅವರನ್ನೇ ಕೇಳಿ, ಮಹಿಳಾ ಸ್ವಯಂಸೇವಕರೇ ಕೇಳಲಿ. ಒಂದೇ ಜಾತಿಯ, ಒಂದೇ ಊರಿನ ಮಕ್ಕಳು ಮಾತ್ರ ಉಳಿದಿದ್ದರೆ ಉಳಿದವರನ್ನು ಯಾರೋ ಮಾತಿನಿಂದ ಹೊರಗೆ ಕಳಿಸಿದ್ದಾರೆ ಅಂತ ಅರ್ಥ. ಚುನಾವಣೆ ಹತ್ತಿರ ಬಂದಾಗ "ನಿಮ್ಮ ಹುಡುಗರನ್ನು ಒಂದು ದಿನ ಕಳಿಸಿ" ಅನ್ನುವವರು ಬರುತ್ತಾರೆ. ಒಮ್ಮೆ ಕಳಿಸಿದರೆ ಎದುರು ಪಕ್ಷದವರ ಮನೆಯ ಮಕ್ಕಳು ಮತ್ತೆ ನಿಮ್ಮ ಬಾಗಿಲು ತುಳಿಯುವುದಿಲ್ಲ.

ಕೆಲಸ ಮುಗಿಸಲೇಬೇಕಾದ ಪರಿಸ್ಥಿತಿಯೂ ಬರಬಹುದು. ಜಾಗ ಹೋಯಿತು, ಮೂವರಲ್ಲಿ ಇಬ್ಬರು ಬೇರೆ ಊರಿಗೆ ಹೋದರು. ಆಗ ಒಂದು ತಿಂಗಳು ಮೊದಲೇ ಮಕ್ಕಳಿಗೆ ಹೇಳಿ. ಅರ್ಧಕ್ಕೆ ನಿಂತ ಪ್ರತಿ ಅರ್ಜಿಯ ಮುಂದೆ ಮುಂದಿನ ಹೆಜ್ಜೆ ಏನು, ಯಾವ ಕಚೇರಿ, ಗಡುವು ಯಾವತ್ತು ಅಂತ ಒಂದು ಚೀಟಿಯಲ್ಲಿ ಬರೆದು ಆ ಹುಡುಗನ ಫೋಲ್ಡರಿಗೆ ಹಾಕಿ. ಕಪಾಟಿನಲ್ಲಿ ಯಾರದಾದರೂ ಒರಿಜಿನಲ್ ಉಳಿದಿದೆಯಾ ನೋಡಿ, ಇದ್ದರೆ ನೀವೇ ಅವನ ಖೋಲಿಗೆ ಹೋಗಿ ಕೈಗೆ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಬನ್ನಿ.